ಯಾವುದಕ್ಕೂ ಇರಲಿ: ಮುಂದೆ ಬರೋದಕ್ಕೆ ಇಂಗ್ಲಿಷಿನವರು ಸಿದ್ಧರಾಗುವ ಬಗೆ

(ಯುವಕ ಯುವತಿಯರ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳ ಬರಹ ರೂಪ)



ನಾನು ಭಾಷಾ ಪಂಡಿತನಲ್ಲ. ಪಿಯುಸಿ ಮುಗಿಸಿ ಅಚ್ಚಿನ ಮನೆಗೆ ಬಂದವನು. ಲಗ್ನಪತ್ರಿಕೆ, ಬಿಲ್ ಬುಕ್ಕು, ಕರಪತ್ರ, ಪೋಸ್ಟರು ಇವುಗಳ ನಡುವೆಯೇ ನನ್ನ ಅರ್ಧ ಆಯಸ್ಸು ಕಳೆದಿದೆ. ಆದರೆ ದಿನಾ ಪ್ರೂಫ್ ನೋಡುವವನಿಗೆ ಪದಗಳ ಮೇಲೆ ಒಂದು ಥರದ ಅನುಮಾನ ಬೆಳೆಯುತ್ತದೆ. ಈ ಪದ ಇಲ್ಲಿಗೆ ಎಲ್ಲಿಂದ ಬಂತು, ಇದು ಯಾರ ಮಾತು ಅಂತ ಕೇಳುವ ಚಟ ಹತ್ತುತ್ತದೆ. ಆ ಚಟದಿಂದ ಕಲಿತದ್ದನ್ನೇ ಇವತ್ತು ನಿಮ್ಮ ಮುಂದೆ ಇಡುತ್ತೇನೆ.

ನಿಮ್ಮಲ್ಲಿ ಅನೇಕರು ಇಂಟರ್‌ವ್ಯೂಗೆ ಹೋಗಿ ಬಂದವರು. ಅಲ್ಲಿ ಕೂತವರು ಏನು ಕೇಳುತ್ತಾರೆ? ನಿಮ್ಮ ಬ್ಯಾಕಪ್ ಪ್ಲಾನ್ ಏನು? ವರ್ಸ್ಟ್ ಕೇಸ್ ಏನು? ಕೆಲಸ ಸಿಕ್ಕ ಮೇಲೂ ಅದೇ ಕಥೆ. ಸ್ಟ್ಯಾಂಡ್ ಬೈ ಅಂತಾರೆ, ಪ್ಲಾನ್ ಬಿ ಅಂತಾರೆ, ಬ್ರೇಸ್ ಯುವರ್‌ಸೆಲ್ಫ್ ಅಂತಾರೆ. ಕನ್ನಡ ಮಾಧ್ಯಮದಿಂದ ಬಂದ ಹುಡುಗ ಹುಡುಗಿಯರು ಇವನ್ನು ಕೇಳಿ ಒಳಗೊಳಗೇ ಕುಗ್ಗುತ್ತಾರೆ. ಇಂಗ್ಲಿಷಿನವರು ಎಲ್ಲಕ್ಕೂ ಮೊದಲೇ ತಯಾರಾಗಿರುವ ಜನ, ನಾವು ಹಣೆಬರಹ ಅಂತ ಕೂರುವ ಜನ ಅನ್ನುವ ಭಾವನೆ ಬೇರೆ. ಇದು ನಿಜವೇ? ಬನ್ನಿ, ಒಂದೊಂದೇ ಮಾತನ್ನು ಬಿಚ್ಚಿ ನೋಡೋಣ.

ಯಾವ ಜನರೇ ಆಗಲಿ, ಯಾವುದಕ್ಕೆ ಹೆದರಿದ್ದರೋ ಅದಕ್ಕೇ ತಯಾರಾಗುತ್ತಾರೆ. ತಯಾರಾದ ಬಗೆಯೇ ಮಾತಾಗುತ್ತದೆ. ಇಂಗ್ಲಿಷಿನವರು ದ್ವೀಪದ ಜನ. ಅವರು ಹೆದರಿದ್ದು ಸಮುದ್ರಕ್ಕೆ, ಯುದ್ಧಕ್ಕೆ ಮತ್ತು ಮಳೆಗೆ. ಅವರ ಸಿದ್ಧತೆಯ ಮಾತುಗಳಲ್ಲಿ ಬಹಳಷ್ಟು ಈ ಮೂರು ಮನೆಗಳಿಂದಲೇ ಬಂದಿವೆ.

ಮೊದಲು ಸಮುದ್ರ. ಬ್ಯಾಟನ್ ಡೌನ್ ದಿ ಹ್ಯಾಚಸ್ ಅನ್ನುವ ಮಾತು ಕೇಳಿದ್ದೀರಿ. ಕಷ್ಟ ಬರುತ್ತಿದೆ, ಎಲ್ಲ ಭದ್ರ ಮಾಡಿಕೊಳ್ಳಿ ಅಂತ ಅರ್ಥ. ಹ್ಯಾಚ್ ಅಂದರೆ ಹಡಗಿನ ಮೇಲ್ತಟ್ಟಿನಲ್ಲಿ ಸರಕು ಇಳಿಸಲು ಬಿಟ್ಟ ಬಾಯಿ. ಬಿರುಗಾಳಿ ಬಂದರೆ ಆ ಬಾಯಿಯಿಂದ ನೀರು ನುಗ್ಗಿ ಹಡಗೇ ಮುಳುಗಬಹುದು. ಅದಕ್ಕೆ ಅದರ ಮೇಲೆ ಟಾರ್ಪಾಲು ಹೊದಿಸಿ, ಅಂಚಿಗೆ ಮರದ ಪಟ್ಟಿ ಇಟ್ಟು ಬಿಗಿಯುತ್ತಿದ್ದರು. ಆ ಪಟ್ಟಿಯ ಹೆಸರೇ ಬ್ಯಾಟನ್. 1769ರಲ್ಲಿ ವಿಲಿಯಂ ಫಾಲ್ಕನರ್ ಪ್ರಕಟಿಸಿದ ನೌಕಾ ನಿಘಂಟಿನಲ್ಲಿ ಈ ಪಟ್ಟಿಯ ವಿವರಣೆ ಇದೆ. ನಮ್ಮ ಲಾರಿಯವರು ಮಳೆ ಮೋಡ ಕಂಡ ಕೂಡಲೇ ಲೋಡಿನ ಮೇಲೆ ಟಾರ್ಪಾಲು ಎಳೆದು ಹಗ್ಗ ಬಿಗಿಯುತ್ತಾರಲ್ಲ, ಅದೇ ಕೆಲಸ. ಅವರ ಕೆಲಸ ಮಾತಾಗಿ ಪುಸ್ತಕ ಸೇರಿತು, ನಮ್ಮವರ ಕೆಲಸ ರಸ್ತೆಯಲ್ಲೇ ಉಳಿಯಿತು. ವ್ಯತ್ಯಾಸ ಅಷ್ಟೇ.

ಆಲ್ ಹ್ಯಾಂಡ್ಸ್ ಆನ್ ಡೆಕ್ ಅನ್ನುವುದೂ ಹಡಗಿನದೇ. ಹ್ಯಾಂಡ್ ಅಂದರೆ ಇಲ್ಲಿ ಕೈ ಅಲ್ಲ, ಕೆಲಸದ ಆಳು. ನಮ್ಮಲ್ಲೂ ಕೈ ಕಡಿಮೆ ಇದೆ, ಇನ್ನೆರಡು ಕೈ ಬೇಕು ಅಂತ ಹೇಳುವುದಿಲ್ಲವೇ? ಹಾಗೇ.

ಈ ಸಮುದ್ರದ ಭಯದಿಂದಲೇ ಇನ್ನೊಂದು ದೊಡ್ಡ ಪದ ಬಳಕೆಗೆ ಬಂತು. 1859ರ ಅಕ್ಟೋಬರಿನಲ್ಲಿ ರಾಯಲ್ ಚಾರ್ಟರ್ ಎಂಬ ಹಡಗು ವೇಲ್ಸ್‌ನ ಆಂಗಲ್ಸಿ ದ್ವೀಪದ ಬಳಿ ಬಿರುಗಾಳಿಗೆ ಸಿಕ್ಕಿ ಒಡೆಯಿತು. ನೂರಾರು ಜನ ಸತ್ತರು. ಆಗ ಸರ್ಕಾರದ ಹವಾಮಾನ ಕಚೇರಿಯ ಮುಖ್ಯಸ್ಥರಾಗಿದ್ದವರು ರಾಬರ್ಟ್ ಫಿಟ್ಜ್‌ರಾಯ್. ಡಾರ್ವಿನ್ ಪ್ರಯಾಣ ಮಾಡಿದ ಬೀಗಲ್ ಹಡಗಿನ ಕ್ಯಾಪ್ಟನ್ ಇವರೇ. ಬಿರುಗಾಳಿ ಬರುವ ಮೊದಲೇ ತಂತಿಯ ಮೂಲಕ ಬಂದರುಗಳಿಗೆ ಎಚ್ಚರಿಕೆ ಕಳಿಸುವ ಏರ್ಪಾಡನ್ನು 1861ರಲ್ಲಿ ಇವರು ಶುರು ಮಾಡಿದರು. ಅದೇ ವರ್ಷ ಆಗಸ್ಟ್ 1ರಂದು ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಜನರಿಗಾಗಿ ಮೊದಲ ಹವಾಮಾನ ಸೂಚನೆ ಅಚ್ಚಾಯಿತು. ಅದಕ್ಕೆ ಅವರು ಆರಿಸಿದ ಪದ ಫೋರ್‌ಕ್ಯಾಸ್ಟ್. ಇದು ಜೋಯಿಸರ ಭವಿಷ್ಯವಲ್ಲ, ಲೆಕ್ಕ ಹಾಕಿ ಹೇಳಿದ ಅಂದಾಜು ಅಂತ ಅವರು ಒತ್ತಿ ಹೇಳಿದ್ದರು. ಕನ್ನಡದಲ್ಲೂ ನೋಡಿ, ನಾವು ಹವಾಮಾನ ಭವಿಷ್ಯ ಅನ್ನುವುದಿಲ್ಲ, ಹವಾಮಾನ ಮುನ್ಸೂಚನೆ ಅನ್ನುತ್ತೇವೆ. ನಮ್ಮ ಪದವೂ ಅಷ್ಟೇ ಜಾಣ ಪದ.

ಬ್ರಿಟನ್ನಿನ ರೇಡಿಯೋದಲ್ಲಿ ಹಡಗಿನವರಿಗಾಗಿ ಬರುವ ಬಿರುಗಾಳಿ ಎಚ್ಚರಿಕೆಯಲ್ಲಿ ಮೂರು ಪದಗಳಿವೆ. ಇಮ್ಮಿನೆಂಟ್ ಅಂದರೆ ಆರು ಗಂಟೆಯೊಳಗೆ. ಸೂನ್ ಅಂದರೆ ಆರರಿಂದ ಹನ್ನೆರಡು ಗಂಟೆಯೊಳಗೆ. ಲೇಟರ್ ಅಂದರೆ ಹನ್ನೆರಡು ಗಂಟೆ ಕಳೆದ ಮೇಲೆ. ಬೀದಿಯಲ್ಲಿ ಸೂನ್ ಅಂದರೆ ನಾಳೆಯೂ ಆಗಬಹುದು, ಮುಂದಿನ ವರ್ಷವೂ ಆಗಬಹುದು. ಸಮುದ್ರದಲ್ಲಿ ಹಾಗಿಲ್ಲ. ಜೀವದ ಪ್ರಶ್ನೆ ಬಂದಾಗ ಪದಕ್ಕೆ ಗಡಿಯಾರ ಕಟ್ಟಿದ್ದಾರೆ. ಇಂಗ್ಲಿಷಿನವರಿಂದ ಕಲಿಯಬೇಕಾದ್ದು ಇದನ್ನು. ಉಚ್ಚಾರಣೆ ಆಮೇಲೆ ನೋಡಿಕೊಳ್ಳೋಣ.

ಈಗ ಯುದ್ಧ. ಕೀಪ್ ಯುವರ್ ಪೌಡರ್ ಡ್ರೈ ಅನ್ನುತ್ತಾರೆ. ಪೌಡರ್ ಅಂದರೆ ಮುಖಕ್ಕೆ ಹಚ್ಚುವುದಲ್ಲ, ಕೋವಿಯ ಮದ್ದು. ಹಳೇ ಕಾಲದ ಕೋವಿಯಲ್ಲಿ ಮದ್ದು ತೇವವಾದರೆ ಗುಂಡು ಹಾರುತ್ತಿರಲಿಲ್ಲ. ಶತ್ರು ಎದುರಿಗೆ ನಿಂತಾಗ ಮದ್ದು ಒಣಗಿಸುತ್ತಾ ಕೂರಲಾಗುತ್ತದೆಯೇ? ಈ ಮಾತನ್ನು ಕ್ರಾಮ್‌ವೆಲ್ ತನ್ನ ಸೈನಿಕರಿಗೆ ಹೇಳಿದ ಅಂತ ಕಥೆ. ಆದರೆ ಕ್ರಾಮ್‌ವೆಲ್ ಸತ್ತದ್ದು 1658ರಲ್ಲಿ. ಮಾತು ಪ್ರಸಿದ್ಧವಾದದ್ದು 1834ರಲ್ಲಿ ವಿಲಿಯಂ ಬ್ಲ್ಯಾಕರ್ ಎಂಬ ಐರ್ಲೆಂಡಿನ ಸೇನಾಧಿಕಾರಿ ಬರೆದ ಪದ್ಯದಿಂದ. ದೇವರನ್ನು ನಂಬು, ಮದ್ದನ್ನೂ ಒಣಗಿಸಿಟ್ಟುಕೋ ಅನ್ನುವುದು ಅದರ ತಾತ್ಪರ್ಯ. ಅಂದರೆ ಅವರೂ ದೇವರ ಮೇಲೆ ಭಾರ ಹಾಕಿದವರೇ. ಹಾಕಿ ಸುಮ್ಮನೆ ಕೂರಲಿಲ್ಲ, ಅಷ್ಟೇ. ಇವತ್ತು ಈ ಮಾತಿಗೆ ಇನ್ನೊಂದು ಛಾಯೆಯೂ ಸೇರಿದೆ: ಈಗಲೇ ದುಡುಕಬೇಡ, ಶಕ್ತಿ ಉಳಿಸಿಕೋ, ಸಮಯ ಬಂದಾಗ ಬಳಸು.

ಮುದ್ರಣದವನಾಗಿ ನನಗೆ ಬಹಳ ಹತ್ತಿರವಾದ ಒಂದು ಯುದ್ಧದ ಕಥೆ ಹೇಳುತ್ತೇನೆ. ಕೀಪ್ ಕಾಮ್ ಅಂಡ್ ಕ್ಯಾರಿ ಆನ್ ಅಂತ ಬರೆದ ಟೀ ಶರ್ಟು, ಕಾಫಿ ಕಪ್ಪು ನೀವು ನೋಡಿರುತ್ತೀರಿ. ಗಾಬರಿಯಾಗಬೇಡಿ, ನಿಮ್ಮ ಕೆಲಸ ಮುಂದುವರಿಸಿ ಅಂತ ಅರ್ಥ. ಎರಡನೇ ಮಹಾಯುದ್ಧದಲ್ಲಿ ಇಡೀ ಇಂಗ್ಲೆಂಡ್ ಈ ಪೋಸ್ಟರ್ ನೋಡಿ ಧೈರ್ಯ ತಂದುಕೊಂಡಿತು ಅಂತ ಬಹಳ ಜನ ನಂಬಿದ್ದಾರೆ. ಹಾಗೆ ಆಗಲೇ ಇಲ್ಲ.

1939ರಲ್ಲಿ ಬ್ರಿಟಿಷ್ ಸರ್ಕಾರ ಮೂರು ಪೋಸ್ಟರ್ ಮಾಡಿಸಿತು. ಮೇಲೆ ರಾಜನ ಕಿರೀಟ, ಕೆಳಗೆ ದಪ್ಪಕ್ಷರದ ಒಂದೇ ಮಾತು. ಮೊದಲೆರಡನ್ನು ಊರೂರಲ್ಲಿ ಅಂಟಿಸಿದರು. ಮೂರನೆಯದು ಈ ಕೀಪ್ ಕಾಮ್. ಅದನ್ನು 24 ಲಕ್ಷಕ್ಕೂ ಹೆಚ್ಚು ಅಚ್ಚು ಹಾಕಿ ಗೋಡೌನಿನಲ್ಲಿ ಇಟ್ಟರು. ಭಾರೀ ಬಾಂಬ್ ದಾಳಿ ನಡೆದಾಗ ಹೊರಗೆ ತೆಗೆಯೋಣ, ಯಾವುದಕ್ಕೂ ಇರಲಿ ಅಂತ. ಈ ನಡುವೆ ಮೊದಲೆರಡು ಪೋಸ್ಟರಿನ ಮೇಲೆ ಜನ ಬೇಸರಗೊಂಡರು. ಅವುಗಳಲ್ಲಿ ಒಂದರ ಮಾತು ಹೀಗಿತ್ತು: ನಿಮ್ಮ ಧೈರ್ಯ, ನಿಮ್ಮ ಉಲ್ಲಾಸ, ನಿಮ್ಮ ಸಂಕಲ್ಪ ನಮಗೆ ಗೆಲುವು ತರುತ್ತದೆ. ಜನ ಕೇಳಿದರು: ಕಷ್ಟ ನಿಮ್ಮದು, ಗೆಲುವು ನಮ್ಮದು ಅಂತೀರಲ್ಲ, ಈ ನಾವು ಯಾರು? ನೋಡಿ ಗೆಳೆಯರೇ, ನೀವು, ನಾವು ಅನ್ನುವ ಎರಡು ಸಣ್ಣ ಪದ ಒಂದು ಸರ್ಕಾರದ ಪ್ರಚಾರವನ್ನೇ ಕೆಡಿಸಿತು. ಮೂರನೇ ಪೋಸ್ಟರ್ ಹೊರಗೆ ಬರಲಿಲ್ಲ ಅಂತಲೇ ಹೇಳಬೇಕು. 1940ರಲ್ಲಿ ಕಾಗದದ ಅಭಾವ ಬಂದಾಗ ಬಹುಪಾಲು ಪ್ರತಿಗಳನ್ನು ಅರೆದು ಮತ್ತೆ ಕಾಗದ ಮಾಡಲು ಕಳಿಸಿದರು. 2000ರಲ್ಲಿ ಇಂಗ್ಲೆಂಡಿನ ಆನಿಕ್ ಊರಿನ ಬಾರ್ಟರ್ ಬುಕ್ಸ್ ಎಂಬ ಹಳೇ ಪುಸ್ತಕದಂಗಡಿಯವರಿಗೆ ಹರಾಜಿನಲ್ಲಿ ಕೊಂಡ ಪೆಟ್ಟಿಗೆಯ ತಳದಲ್ಲಿ ಒಂದು ಪ್ರತಿ ಸಿಕ್ಕಿತು. ಅಂಗಡಿಯಲ್ಲಿ ತೂಗು ಹಾಕಿದರು, ಗಿರಾಕಿಗಳು ಕೇಳಿದರು, ಮತ್ತೆ ಅಚ್ಚು ಹಾಕಿದರು, ಲೋಕವೆಲ್ಲ ಹರಡಿತು. ಯುದ್ಧಕ್ಕೆಂದು ಮಾಡಿದ ಮಾತು ಯುದ್ಧದಲ್ಲಿ ಜನಕ್ಕೆ ಮುಟ್ಟಲಿಲ್ಲ. ಅಚ್ಚಾದ ಮಾತ್ರಕ್ಕೆ ಸಿದ್ಧತೆ ಆಗುವುದಿಲ್ಲ, ಜನಕ್ಕೆ ಮುಟ್ಟಬೇಕು. ಈ ಮಾತನ್ನು ನೆನಪಿಡಿ, ಕೊನೆಗೆ ಬೇಕಾಗುತ್ತದೆ.

ಮೂರನೆಯದು ಮಳೆ. ಸೇವ್ ಫಾರ್ ಎ ರೈನಿ ಡೇ ಅಂತ ಇಂಗ್ಲಿಷಿನವರು ಹೇಳುತ್ತಾರೆ. ಅವರಿಗೆ ಮಳೆಯ ದಿನ ಅಂದರೆ ಕೆಟ್ಟ ದಿನ. ಹಿಂದೆ ಹೊಲದಲ್ಲಿ ದಿನಗೂಲಿ ಮಾಡುವವನಿಗೆ ಮಳೆ ಬಂದರೆ ಕೂಲಿ ಇಲ್ಲ. ಒಮ್ಮೆ ಒಂದು ಫೈನಾನ್ಸ್ ಕಚೇರಿಯಿಂದ ನಮ್ಮ ಪ್ರೆಸ್ಸಿಗೆ ಕರಪತ್ರ ಬಂತು. ಮಳೆಯ ದಿನಕ್ಕಾಗಿ ಇಂದೇ ಉಳಿಸಿರಿ ಅಂತ ದಪ್ಪಕ್ಷರದಲ್ಲಿ ಹಾಕಬೇಕಿತ್ತು. ಅದು ಹಂಚಬೇಕಾಗಿದ್ದದ್ದು ಬಯಲುಸೀಮೆಯ ಹಳ್ಳಿಗಳಲ್ಲಿ! ತಂದ ಹುಡುಗನಿಗೆ ಹೇಳಿದೆ: ಅಪ್ಪಾ, ಆ ಊರಿನವರು ಮಳೆ ಬರಲಿ ಅಂತ ಕತ್ತೆ ಮದುವೆ ಮಾಡಿಸುತ್ತಾರೆ, ಮಳೆ ಬಂದ ದಿನ ಅವರಿಗೆ ಹಬ್ಬ, ನೀನು ಅದನ್ನೇ ಕಷ್ಟ ಅಂತೀಯಲ್ಲ? ಕಡೆಗೆ ಕಷ್ಟಕಾಲಕ್ಕೆ ನಾಲ್ಕು ಕಾಸು ಅಂತ ತಿದ್ದಿ ಅಚ್ಚು ಹಾಕಿದೆವು. ಪದ ಬದಲಾಯಿಸಿದರೆ ಅನುವಾದ ಮುಗಿಯಲಿಲ್ಲ. ಅವರ ಮಳೆ ಬೇರೆ, ನಮ್ಮ ಮಳೆ ಬೇರೆ.

ಎಲ್ಲವೂ ಬೇರೆಯೇ ಅಂತಲೂ ಇಲ್ಲ. ಮೈಗೆ ಸಂಬಂಧಿಸಿದ ಮಾತಿಗೆ ಬಂದರೆ ಇಬ್ಬರೂ ಒಂದೇ. ಗರ್ಡ್ ಯುವರ್ ಲಾಯಿನ್ಸ್ ಅನ್ನುವ ಮಾತು ಬೈಬಲಿನಿಂದ ಇಂಗ್ಲಿಷಿಗೆ ಬಂದದ್ದು. ಉದ್ದ ನಿಲುವಂಗಿಯನ್ನು ಎತ್ತಿ ಸೊಂಟಕ್ಕೆ ಬಿಗಿದು ಕೆಲಸಕ್ಕೋ ಕಾಳಗಕ್ಕೋ ನಿಲ್ಲುವುದು ಅಂತ ಅರ್ಥ. ನಾವು ಏನನ್ನುತ್ತೇವೆ? ಟೊಂಕ ಕಟ್ಟಿ ನಿಲ್ಲು! ಯಾರೂ ಯಾರಿಂದಲೂ ಕದ್ದದ್ದಲ್ಲ. ಉದ್ದ ಬಟ್ಟೆ ಉಟ್ಟ ಜನರೆಲ್ಲ ಕಂಡುಕೊಂಡ ಸತ್ಯ ಅದು. ರೋಲ್ ಅಪ್ ಯುವರ್ ಸ್ಲೀವ್ಸ್ ಅಂದರೆ ತೋಳೇರಿಸು. ಬ್ರೇಸ್ ಯುವರ್‌ಸೆಲ್ಫ್ ಅಂದರೆ ಎದೆ ಗಟ್ಟಿ ಮಾಡಿಕೋ. 2009ರ ಜನವರಿ 15ರಂದು ನ್ಯೂಯಾರ್ಕಿನಲ್ಲಿ ಹಕ್ಕಿಗಳ ಹಿಂಡು ಬಡಿದು ಒಂದು ವಿಮಾನದ ಎರಡೂ ಎಂಜಿನ್ ಕೆಟ್ಟವು. ಕ್ಯಾಪ್ಟನ್ ಸಲೆನ್‌ಬರ್ಗರ್ ಅದನ್ನು ಹಡ್ಸನ್ ನದಿಯ ಮೇಲೆ ಇಳಿಸಿದರು. ಪ್ರಯಾಣಿಕರಿಗೆ ಅವರು ಭಾಷಣ ಮಾಡಲಿಲ್ಲ. ಬ್ರೇಸ್ ಫಾರ್ ಇಂಪ್ಯಾಕ್ಟ್, ಅಂದರೆ ಹೊಡೆತಕ್ಕೆ ಮೈ ಬಿಗಿಹಿಡಿಯಿರಿ ಅಂದರು, ಮುಗಿಯಿತು. ವಿಮಾನದಲ್ಲಿದ್ದ 155 ಜನರೂ ಬದುಕಿ ಬಂದರು. ಜೀವ ಹೋಗುವ ಹೊತ್ತಿನಲ್ಲಿ ಮಾತು ಚಿಕ್ಕದಾಗಿರಬೇಕು, ಕೇಳುವವನ ಭಾಷೆಯಲ್ಲಿರಬೇಕು.

ಇನ್ನು ಸ್ವಲ್ಪ ವ್ಯಾಕರಣ. ಹೆದರಬೇಡಿ, ಪರೀಕ್ಷೆ ಇಲ್ಲ. ಕಮ್ ವಾಟ್ ಮೇ ಅನ್ನುವುದು ಇಂಗ್ಲಿಷಿನ ಬಲು ಗತ್ತಿನ ಮಾತು. ಬಂದದ್ದು ಬರಲಿ ಅಂತ ಅರ್ಥ. ಇದರಲ್ಲಿ ಕ್ರಿಯಾಪದ ಮೊದಲೇ ಬಂದು ನಿಂತಿದೆ ನೋಡಿ. ಹಿಂದೆ ಇಂಗ್ಲಿಷಿನಲ್ಲಿ ಆಗಲಿ, ಹೋಗಲಿ ಅನ್ನುವುದಕ್ಕೆ ಕ್ರಿಯಾಪದಕ್ಕೇ ಒಂದು ರೂಪವಿತ್ತು. ಅದು ಹೆಚ್ಚುಕಡಿಮೆ ಸತ್ತುಹೋಗಿ, ಇಂಥ ನಾಲ್ಕಾರು ಹಳೇ ಮಾತುಗಳಲ್ಲಿ ಕಲ್ಲಾಗಿ ಉಳಿದಿದೆ. ಹೊಸದಾಗಿ ಹೇಳಬೇಕಾದರೆ ಅವರು ಲೆಟ್ ಅಂತಲೋ ಮೇ ಅಂತಲೋ ಬೇರೆ ಪದ ಜೋಡಿಸಬೇಕು. ಕನ್ನಡದಲ್ಲಿ? ಬರಲಿ, ಆಗಲಿ, ಬೀಳಲಿ, ನಿಲ್ಲಲಿ. ಒಂದು ಪ್ರತ್ಯಯ ಹಚ್ಚಿದರೆ ಸಾಕು, ಯಾವ ಕ್ರಿಯಾಪದವೂ ಎದೆಗೊಟ್ಟು ನಿಲ್ಲುತ್ತದೆ. ಡೌನ್‌ಲೋಡ್ ಆಗಲಿ ಅಂತ ಹೊಸ ಪದಕ್ಕೂ ಹಚ್ಚುತ್ತೇವೆ. ಇದು ಜೀವಂತ ಭಾಷೆಯ ಲಕ್ಷಣ.

ಇನ್ನೊಂದು. ಇಫ್ ಮತ್ತು ಇನ್ ಕೇಸ್ ಇವುಗಳಲ್ಲಿ ನಮ್ಮವರು ಎಡವುತ್ತಾರೆ. ಇಫ್ ಇಟ್ ರೇನ್ಸ್ ಕೊಡೆ ಕೊಳ್ಳುತ್ತೇನೆ ಅಂದರೆ, ಮಳೆ ಬಂದರೆ ಮಾತ್ರ ಕೊಳ್ಳುತ್ತೇನೆ ಅಂತ. ಇನ್ ಕೇಸ್ ಇಟ್ ರೇನ್ಸ್ ಕೊಡೆ ಕೊಳ್ಳುತ್ತೇನೆ ಅಂದರೆ, ಮಳೆ ಬಂದರೂ ಬರಬಹುದು, ಈಗಲೇ ಕೊಂಡಿಟ್ಟಿರುತ್ತೇನೆ ಅಂತ. ಮೊದಲನೆಯವನು ನೆನೆಯುತ್ತಾನೆ, ಎರಡನೆಯವನು ನೆನೆಯುವುದಿಲ್ಲ. ಆದರೆ ಬೋರ್ಡುಗಳಲ್ಲಿ ಇನ್ ಕೇಸ್ ಆಫ್ ಫೈರ್ ಅಂತ ಬರೆದಾಗ ಅರ್ಥ ಬೆಂಕಿ ಬಿದ್ದರೆ ಅಂತ ಮಾತ್ರ. ಬೆಂಕಿ ಬಿದ್ದರೂ ಬೀಳಬಹುದು ಅಂತ ಮೊದಲೇ ಗಾಜು ಒಡೆಯಬೇಡಿ! ಜಸ್ಟ್ ಇನ್ ಕೇಸ್ ಅನ್ನುವುದಕ್ಕೆ ಕನ್ನಡದಲ್ಲಿ ಏನು ಅಂತ ನಿಘಂಟು ಹುಡುಕುವವರಿದ್ದಾರೆ. ನಿಮ್ಮ ಅಮ್ಮ ಹೇಳುವುದನ್ನು ಕೇಳಿಲ್ಲವೇ? ಯಾವುದಕ್ಕೂ ಇರಲಿ, ಇನ್ನೂರು ರೂಪಾಯಿ ಜಾಸ್ತಿ ಇಟ್ಕೋ. ಯಾವುದಕ್ಕೂ ಇರಲಿ, ಎರಡು ಚಪಾತಿ ಕಟ್ಟಿದೀನಿ. ಅದೇ ಜಸ್ಟ್ ಇನ್ ಕೇಸ್. ಅಡುಗೆಮನೆಯಲ್ಲೇ ಇತ್ತು.

ಹಣೆಬರಹದ ವಿಷಯಕ್ಕೂ ಬರೋಣ. ಟಚ್ ವುಡ್ ಅಂತ ಮರ ಮುಟ್ಟುವವರು ಇಂಗ್ಲಿಷಿನವರೇ. ಕೆಡಬಹುದಾದದ್ದು ಕೆಟ್ಟೇ ಕೆಡುತ್ತದೆ ಅನ್ನುವ ಮರ್ಫಿ ನಿಯಮ ಹುಟ್ಟಿದ್ದು 1949ರಲ್ಲಿ ಅಮೆರಿಕದ ವಾಯುಪಡೆಯ ನೆಲೆಯಲ್ಲಿ, ಎಂಜಿನಿಯರುಗಳ ನಡುವೆ. ಆದರೆ ಅದನ್ನು ಅವರು ಅಳುವುದಕ್ಕೆ ಬಳಸಲಿಲ್ಲ, ಕೆಡುವ ಜಾಗ ಯಾವುದು ಅಂತ ಮೊದಲೇ ಹುಡುಕುವುದಕ್ಕೆ ಬಳಸಿದರು. 1908ರಲ್ಲಿ ಬೇಡನ್ ಪೊವೆಲ್ ಸ್ಕೌಟ್ ಪುಸ್ತಕ ಬರೆದಾಗ ಹುಡುಗರಿಗೆ ಕೊಟ್ಟ ಮಾತು ಬಿ ಪ್ರಿಪೇರ್ಡ್, ಸಿದ್ಧನಾಗಿರು ಅಂತ. ನಮ್ಮ ಅಜ್ಜಂದಿರು ಅದನ್ನೇ ಬೈಗುಳದ ರೂಪದಲ್ಲಿ ಹೇಳಿದರು: ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಲು ಹೋದನಂತೆ! ಸಾಹಸಕ್ಕೂ ಗಾದೆ ಇದೆ: ಕೂದಲು ಕಟ್ಟಿ ಬೆಟ್ಟ ಎಳೆ, ಬಂದರೆ ಬೆಟ್ಟ, ಹೋದರೆ ಕೂದಲು. ಇಂಥ ಮಾತಾಡುವ ಜನ ಹಣೆಬರಹ ಅಂತ ಕೂತವರೇ?

ಹಾಗಾದರೆ ನಾವು ಎಲ್ಲಿ ಹಿಂದೆ ಬಿದ್ದೆವು? ಮಾತಿನಲ್ಲಲ್ಲ, ಮಾತನ್ನು ಬೇಕಾದ ಜಾಗದಲ್ಲಿ ಇಡುವುದರಲ್ಲಿ. ಮಳೆಗಾಲದಲ್ಲಿ ಪ್ರತಿ ವಾಹಿನಿಯೂ ರೆಡ್ ಅಲರ್ಟ್, ಆರೆಂಜ್ ಅಲರ್ಟ್, ಯೆಲ್ಲೋ ಅಲರ್ಟ್ ಅಂತ ಕೂಗುತ್ತದೆ. ಅಲರ್ಟ್ ಪದವೇನು ಇಂಗ್ಲಿಷಿನವರ ಸ್ವಂತದ್ದಲ್ಲ. ಕಾವಲಿಗೆ ನಿಲ್ಲು ಅನ್ನುವ ಇಟಲಿಯ ಮಾತಿನಿಂದ ಬಂದದ್ದು. ಅವರು ಎರವಲು ತಂದರು, ನಾವೂ ತಂದೆವು, ತಪ್ಪೇನಿಲ್ಲ. ಆದರೆ ಭಾರತೀಯ ಹವಾಮಾನ ಇಲಾಖೆಯ ಲೆಕ್ಕದಲ್ಲಿ ಹಳದಿ ಅಂದರೆ ಸುದ್ದಿ ಗಮನಿಸುತ್ತಿರಿ, ಕಿತ್ತಳೆ ಅಂದರೆ ಸಿದ್ಧರಾಗಿರಿ, ಕೆಂಪು ಅಂದರೆ ಕೂಡಲೇ ಕ್ರಮ ಕೈಗೊಳ್ಳಿ. ಇಲ್ಲಿ ಕೈ ಎತ್ತಿ ನೋಡೋಣ, ಈ ವ್ಯತ್ಯಾಸ ಎಷ್ಟು ಜನಕ್ಕೆ ಗೊತ್ತಿತ್ತು? ಬಣ್ಣದ ಹೆಸರು ಮುಟ್ಟಿದೆ, ಏನು ಮಾಡಬೇಕು ಅನ್ನುವುದು ಮುಟ್ಟಿಲ್ಲ. ಕೆಂಪು ಅಂದ ಕೂಡಲೇ ಹೊಳೆ ಪಕ್ಕದ ಮನೆಯ ಮುದುಕಿ ಏಳಬೇಕು. ಏಳಬೇಕಾದರೆ ಅವಳ ಮಾತಿನಲ್ಲಿ ಹೇಳಬೇಕು.

ನಿಮ್ಮ ಆಫೀಸಿನ ಲಿಫ್ಟಿನ ಪಕ್ಕ, ನೀವಿರುವ ಪಿ.ಜಿ.ಯ ಮೆಟ್ಟಿಲ ಬಳಿ ಒಂದು ಬೋರ್ಡ್ ಇರುತ್ತದೆ. ಅನೇಕ ಕಡೆ ಬರೀ ಇಂಗ್ಲಿಷಿನಲ್ಲಿ. ಬೆಂಕಿ ಬಿದ್ದ ರಾತ್ರಿ ಅಲ್ಲಿ ಇರುವವರು ಯಾರು? ಕಲಬುರಗಿಯಿಂದಲೋ ರಾಯಚೂರಿನಿಂದಲೋ ಬಂದ ಕಾವಲುಗಾರ, ನೆಲ ಒರೆಸುವ ಅಕ್ಕ. ಬೋರ್ಡ್ ಬರೆಸಿದವರು ಅಲ್ಲಿರುವುದಿಲ್ಲ. ಓದಲಾಗದ ಎಚ್ಚರಿಕೆ ಗೋಡೌನಿನಲ್ಲಿ ಉಳಿದ ಆ 24 ಲಕ್ಷ ಪೋಸ್ಟರಿಗೆ ಸಮ.

ಆದ್ದರಿಂದ ಎರಡೇ ಕೆಲಸ ಹೇಳುತ್ತೇನೆ. ಒಂದು, ಇಂಗ್ಲಿಷ್ ಕಲಿಯಿರಿ, ಚೆನ್ನಾಗಿ ಕಲಿಯಿರಿ, ಪ್ರತಿ ಮಾತನ್ನೂ ಅದರ ಬೇರು ನೋಡಿ ಕಲಿಯಿರಿ. ಬೇರು ಕಂಡ ಮೇಲೆ ಭಯ ಇರುವುದಿಲ್ಲ. ಹಡಗಿನವನ ಮಾತು, ಸಿಪಾಯಿಯ ಮಾತು, ಕೂಲಿಯವನ ಮಾತು, ಅಷ್ಟೇ ತಾನೇ? ಅವರೂ ನಮ್ಮಂಥ ಜನವೇ. ಎರಡು, ನಾಳೆ ಬೆಳಿಗ್ಗೆ ನಿಮ್ಮ ಕಟ್ಟಡದ ಆ ಬೋರ್ಡ್ ನೋಡಿ. ಕನ್ನಡ ಇಲ್ಲದಿದ್ದರೆ ಮೇಲಿನವರಿಗೆ ಮರ್ಯಾದೆಯಿಂದ ಕೇಳಿ. ಅವರು ತಡ ಮಾಡಿದರೆ ಒಂದು ಬಿಳಿ ಹಾಳೆ ತೆಗೆದುಕೊಳ್ಳಿ, ದಪ್ಪ ಅಕ್ಷರದಲ್ಲಿ ಬರೆಯಿರಿ: ಬೆಂಕಿ ಬಿದ್ದರೆ ಲಿಫ್ಟ್ ಹತ್ತಬೇಡಿ. ಮೆಟ್ಟಿಲಿನಿಂದ ಇಳಿಯಿರಿ. 112ಕ್ಕೆ ಫೋನ್ ಮಾಡಿ. ಇಷ್ಟೇ. ಅಲಂಕಾರ ಬೇಡ, ಅವಸರದಲ್ಲಿ ಓದಲಾಗದ ಸಂಸ್ಕೃತದ ಪದವೂ ಬೇಡ. ಬರೆದು, ಒಪ್ಪಿಗೆ ಪಡೆದು, ಅಂಟಿಸಿ. ಆ ಕಾವಲುಗಾರ ಅಣ್ಣನಿಗೆ ಒಂದು ಸಲ ಓದಿ ಹೇಳಿ.

ಬೆಂಕಿ ಬೀಳದಿರಲಿ. ಹಾಳೆ ಮಾತ್ರ ಅಲ್ಲಿರಲಿ, ಯಾವುದಕ್ಕೂ ಇರಲಿ.